ಹುಳುಕಡ್ಡಿಗೆ ಯಾವ ಮುಲಾಮು?

ತೊಡೆಸಂದಿಯಲ್ಲೋ, ಸೀರೆ ಬಿಗಿಯುವ ಸೊಂಟದಲ್ಲೋ ಬಳೆಯಾಕಾರದ ತುರಿಕೆಯೆದ್ದರೆ, ಸಂಕೋಚದಿಂದ ವೈದ್ಯರಿಗೆ ತೋರಿಸದೆ ಔಷಧದ ಅಂಗಡಿಯಿಂದ ಟ್ಯೂಬು ತರಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಹುಳುಕಡ್ಡಿಯೆಂದು ನಾವು ಕರೆದರೂ ಇದಕ್ಕೆ ಕಾರಣ ಹುಳುವಲ್ಲ, ಶಿಲೀಂಧ್ರ. ಹಲವು ಮಿಶ್ರ ಮುಲಾಮುಗಳಲ್ಲಿ ಶಿಲೀಂಧ್ರನಾಶಕದೊಡನೆ ಬೆಟಾಮೆಥಸೋನ್, ಕ್ಲೋಬೆಟಾಸೋಲ್‌ಗಳಂತಹ ಸ್ಟಿರಾಯ್ಡ್ ಸೇರಿರುತ್ತದೆ. ಅದು ತುರಿಕೆಯನ್ನು ಬೇಗನೆ ಅಡಗಿಸುವುದು ನಿಜ. ಆದರೆ ಚರ್ಮದ ಪ್ರತಿರೋಧ ಶಕ್ತಿಯನ್ನೂ ಕುಗ್ಗಿಸುವುದರಿಂದ ರೋಗ ಮತ್ತಷ್ಟು ಹರಡುತ್ತದೆ, ಚರ್ಮವೂ ತೆಳುವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಚರ್ಮಕ್ಕೆ ಹಚ್ಚುವ 14 ಸ್ಟಿರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು.

ಆದ್ದರಿಂದ ಸ್ಟಿರಾಯ್ಡ್ ಬೆರೆಯದ, ಕ್ಲೋಟ್ರಿಮಜೋಲ್‌ನಂತಹ ಮುಲಾಮನ್ನೇ ಆರಿಸಬೇಕು. ಸ್ನಾನದ ನಂತರ ಚರ್ಮವನ್ನು ಚೆನ್ನಾಗಿ ಒರೆಸಿ, ಮಚ್ಚೆಯ ಅಂಚಿನಿಂದ 2 ಸೆಂಟಿಮೀಟರ್ ಆಚೆಯವರೆಗೆ, ದಿನಕ್ಕೆ 2 ಬಾರಿ ಹಚ್ಚಬೇಕು. ಮಚ್ಚೆ ಮಾಯವಾದ ಮೇಲೂ 2 ವಾರ ಬಿಡದೆ ಮುಂದುವರಿಸಬೇಕು. ಮನೆಯಲ್ಲಿ ಸೋಂಕು ತಗುಲಿದವರೆಲ್ಲರೂ ಒಟ್ಟಿಗೇ ಚಿಕಿತ್ಸೆ ಪಡೆಯಬೇಕು. ಟವೆಲು, ಒಳಉಡುಪುಗಳು ಬೇರೆ ಬೇರೆಯಾಗಿರಲಿ, ಬಿಸಿಲಿನಲ್ಲಿ ಒಣಗಲಿ.

ತಲೆಗೂ ಉಗುರಿಗೂ ತಗುಲಿದರೆ ಸಾಮಾನ್ಯವಾಗಿ ಮುಲಾಮು ಸಾಲದು, ಮಾತ್ರೆ ಬೇಕಾಗುತ್ತದೆ. ಗರ್ಭಿಣಿಯರು, ಮಧುಮೇಹಿಗಳು ಮೊದಲೇ ವೈದ್ಯರನ್ನು ಕಾಣಬೇಕು. ಹೆಣ್ಣುಮಕ್ಕಳು ಈ ಬಾಧೆಯನ್ನು ಮುಚ್ಚಿಟ್ಟುಕೊಂಡು ನರಳದಂತೆ ಮನೆಯ ಹಿರಿಯರು ಧೈರ್ಯ ಹೇಳಬೇಕೆಂಬುದು ನಮ್ಮ ವಿನಂತಿ.