ಡಿಗ್ರಿ ವ್ಯಾಪಾರ: ಲಾಭವೋ, ಲುಕ್ಸಾನೋ?

ಗಾಂಧಿ ಬಜಾರಿನಲ್ಲಿ ಮಣ್ಣಿನ ಮಡಕೆ ಕೊಳ್ಳುವವರೂ ನಾಲ್ಕು ಸಲ ತಟ್ಟಿ ನೋಡುತ್ತಾರೆ. ಅಕ್ಕಿ ಕೊಳ್ಳುವವರು ಎರಡು ಕಾಳು ಬಾಯಿಗೆ ಹಾಕಿ ಕಚ್ಚಿ ನೋಡುತ್ತಾರೆ. ಆದರೆ ಸಾಲ ಸೋಲ ಮಾಡಿ ಮಗನಿಗೆ ಡಿಗ್ರಿ ಕೊಡಿಸುವ ಅಪ್ಪ ಮಾತ್ರ ತಟ್ಟಿಯೂ ನೋಡುವುದಿಲ್ಲ, ಕಚ್ಚಿಯೂ ನೋಡುವುದಿಲ್ಲ. "ಪಕ್ಕದ ಮನೆ ಹುಡುಗ ಸೇರಿದಾನೆ, ನಮ್ಮೋನೂ ಸೇರ್ಲಿ ಬಿಡಿ" ಎಂಬಲ್ಲಿಗೆ ವಿಚಾರಣೆ ಮುಗಿಯಿತು!

1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂದ ಮೇಲೆ ಶಿವಮೊಗ್ಗದವರ ಪದವಿಪತ್ರ ಮೈಸೂರಿನಿಂದ ಬರುವ ಕಾಲ ಮುಗಿಯಿತು. ಡಿಗ್ರಿ ಹತ್ತಿರ ಬಂತು, ಕೆಲಸ ದೂರ ಹೋಯಿತು. 1923ರಿಂದ ಕಬ್ಬಿಣ ಕರಗಿಸುತ್ತಾ ಬಂದ ಭದ್ರಾವತಿಯ ಕಾರ್ಖಾನೆ ಸೊರಗಿದೆ. ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳೇ ಆದವು.

2024ರ ಜನವರಿ 12ರಂದು ಇದೇ ಊರಿನಲ್ಲಿ 'ಯುವನಿಧಿ'ಗೆ ಚಾಲನೆ ಸಿಕ್ಕಿತು. ಪಾಸಾಗಿ 180 ದಿನವಾದರೂ ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವನಿಗೆ 1,500; ಅದೂ ಗರಿಷ್ಠ ಎರಡು ವರ್ಷ. ಡಿಗ್ರಿ ಅಂದರೆ ನೌಕರಿಯಲ್ಲ ಎಂದು ಸರಕಾರವೇ ಒಪ್ಪಿದಂತಾಯಿತಲ್ಲ! ಕೇಂದ್ರದ 2022-23ರ ಕಾರ್ಮಿಕ ಸಮೀಕ್ಷೆಯೂ ಅದನ್ನೇ ಹೇಳಿತು: ದೇಶದ ಒಟ್ಟು ನಿರುದ್ಯೋಗ ಶೇ. 3.2, ಪದವೀಧರರಲ್ಲಿ ಶೇ. 13.4. ಓದದವನು ಸಿಕ್ಕ ಕೂಲಿಗೆ ಹೋಗುತ್ತಾನೆ, ಓದಿದವನು ಕಾಯುತ್ತಾನೆ. ಕಾಯುವ ಖರ್ಚೂ ಅಪ್ಪನದೇ.

ಇನ್ನು ಬ್ಯಾಂಕಿನ ಸಾಲ. ನಾಲ್ಕು ಲಕ್ಷದವರೆಗೆ ಅಡಮಾನ ಬೇಡ ಎಂದಾಕ್ಷಣ ಮುಖ ಅರಳುತ್ತದೆ. ಆದರೆ ಸಾಲಪತ್ರಕ್ಕೆ ಅಪ್ಪನೋ ಅಮ್ಮನೋ ಸಹಿ ಹಾಕಲೇಬೇಕು. ಕಂತು ಶುರುವಾಗುವುದು ಓದು ಮುಗಿದು ವರ್ಷದ ಮೇಲೆ, ನಿಜ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಇದರ ಜೊತೆಗೆ ಹುಡುಗ ಆ ಮೂರು ವರ್ಷ ದುಡಿಯದೇ ಹೋದ ದುಡ್ಡನ್ನೂ ಸೇರಿಸಿ. ಗಲ್ಲಾಪೆಟ್ಟಿಗೆ ಮುಂದೆ ಕೂತವರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ.

ಹಾಗಂತ ಓದೇ ಬೇಡವೇ? ಆ ಮಾತು ಆಡಿದವನ ಬಾಯಿಗೆ ಮಣ್ಣು! ಎಫ್.ಡಿ.ಎ. ಹುದ್ದೆಗೆ, ಕೆ.ಎ.ಎಸ್. ಪರೀಕ್ಷೆಗೆ, ಬಿ.ಇಡಿ. ಸೀಟಿಗೆ ಪದವಿ ಬೇಕೇ ಬೇಕು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆ. ಹಳ್ಳಿಯಿಂದ ಸರಕಾರಿ ಕಾಲೇಜಿಗೆ ಬಂದು ಹೋಗುವ ಹುಡುಗಿಗೆ ಡಿಗ್ರಿ ಇಂದು ಅಗ್ಗದ ಮಾಲು, ಗಟ್ಟಿ ಮಾಲು. ಮದುವೆ ಮಾತು ಮೂರು ವರ್ಷ ಮುಂದೆ ಹೋದರೆ ಅದೇ ಮೊದಲ ಲಾಭ. ಲುಕ್ಸಾನು ಇರುವುದು ಓದಿನಲ್ಲಲ್ಲ. ಬಣ್ಣದ ಫ್ಲೆಕ್ಸ್ ನೋಡಿ, ಕೇಳದೆ ಮಾಡದೆ ದುಬಾರಿ ಸೀಟು ಹಿಡಿಯುವುದರಲ್ಲಿ. ಯಂತ್ರದ ಕೆಲಸಕ್ಕೆ ಕೈ ಓಡುವ ಹುಡುಗನನ್ನು ಐ.ಟಿ.ಐ. ಬಿಡಿಸಿ, "ಮರ್ಯಾದೆ ಪ್ರಶ್ನೆ" ಅಂತ ಬಿ.ಕಾಂ.ಗೆ ನೂಕುವುದರಲ್ಲಿ.

ಪರಿಹಾರ ಕಷ್ಟದ್ದೇನಲ್ಲ. ಹೋಟೆಲಿನ ಗೋಡೆಯ ಮೇಲೆ ತಿಂಡಿಯ ದರಪಟ್ಟಿ ಇರುತ್ತದೆ. ಕಾಲೇಜಿನ ಬಾಗಿಲಲ್ಲೂ ಒಂದು ಬೋರ್ಡು ಇರಲಿ: ಕೋರ್ಸಿನ ಪೂರ್ತಿ ಖರ್ಚೆಷ್ಟು, ಕಳೆದ ಮೂರು ವರ್ಷ ಸೇರಿದವರೆಷ್ಟು, ಪಾಸಾದವರೆಷ್ಟು, ಕೆಲಸ ಸಿಕ್ಕವರೆಷ್ಟು, ಸಂಬಳವೆಷ್ಟು. ಬರೆಯಲು ಹಿಂಜರಿಯುವ ಕಾಲೇಜಿನ ಮಾಲು ಎಂಥದ್ದೆಂದು ಊರಿಗೆ ತಾನೇ ತಿಳಿಯುತ್ತದೆ.

ದಾಖಲಾತಿ ಶುರುವಾಗುವ ಮೊದಲೇ ಜಿಲ್ಲಾಡಳಿತವೂ ವಿಶ್ವವಿದ್ಯಾಲಯವೂ ಈ ಬೋರ್ಡು ಹಾಕಿಸುವವೇ? ಅಲ್ಲಿಯವರೆಗೆ ಅಪ್ಪಂದಿರೇ, ಸಹಿ ಹಾಕುವ ಮುನ್ನ ಒಂದು ಸಲ ತಟ್ಟಿ ನೋಡಿ!