ರಗ್ಬಿ ಅಂಗಳದ ಪಂಕ್ತಿಭೇದ

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ರಗ್ಬಿ ತಂಡಗಳು ಪ್ರತಿ ವರ್ಷ ಒಂದು ಬೆಳ್ಳಿಯ ಪಾತ್ರೆಗಾಗಿ ಸೆಣಸುತ್ತವೆ. ಅದರ ಹೆಸರು ಕಲ್ಕತ್ತಾ ಕಪ್. ಕಲ್ಕತ್ತೆಯಲ್ಲಿದ್ದ ಬ್ರಿಟಿಷರ ಕ್ಲಬ್ಬೊಂದು 1878ರಲ್ಲಿ ಮುಚ್ಚಿಹೋದಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ ಪಾತ್ರೆ ಅದು. ಅದರ ಹಿಡಿಕೆಗಳು ನಾಗರಹಾವಿನವು, ಮುಚ್ಚಳದ ಮೇಲೆ ಆನೆ. ಬೆಳ್ಳಿ ನಮ್ಮ ನೆಲದ್ದು, ಆಟ ಮಾತ್ರ ಅವರಿಬ್ಬರದ್ದು. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಈ ಆಟದ ಇಂದಿನ ಸ್ಥಿತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಇನ್ನೊಂದು ಗುರುತು ನಮಗೆ ಕಾಣುವುದಿಲ್ಲ. ಆಟವನ್ನು ಜಗತ್ತಿಗೆ ಕಲಿಸಿದರು, ಆದರೆ ಕಲಿತವರನ್ನು ತಮ್ಮ ಪಂಕ್ತಿಯಲ್ಲಿ ಕೂರಿಸಿಕೊಳ್ಳಲು ಇಂದಿಗೂ ಹಿಂಜರಿಯುತ್ತಿದ್ದಾರೆ.

ಈ ಮಾತಿಗೆ ರಗ್ಬಿಯ ಒಡೆಯರ ಬಳಿ ಸಿದ್ಧ ಉತ್ತರವಿದೆ. 1987ರ ಮೊದಲ ವಿಶ್ವಕಪ್‌ನಲ್ಲಿ 16 ತಂಡಗಳಿದ್ದವು, 1999ರಲ್ಲಿ 20 ಆದವು. 2027ರ ಆಸ್ಟ್ರೇಲಿಯಾ ವಿಶ್ವಕಪ್‌ಗೆ 24 ತಂಡಗಳು. ಹಾಂಗ್‌ಕಾಂಗ್ ಮೊದಲ ಬಾರಿಗೆ ಅರ್ಹತೆ ಗಳಿಸಿದೆ. ಜಿಂಬಾಬ್ವೆ 1991ರ ನಂತರ ಮರಳಿ ಬಂದಿದೆ. ಸಂತೋಷ. ಆದರೆ ನಾಲ್ಕು ವರ್ಷಕ್ಕೊಮ್ಮೆ ಹಬ್ಬದೂಟಕ್ಕೆ ಕರೆದು, ಉಳಿದ ದಿನ ಬಾಗಿಲು ಹಾಕಿಕೊಳ್ಳುವುದನ್ನು ಔದಾರ್ಯ ಎನ್ನಬಹುದೇ? ತಂಡವೊಂದು ಬೆಳೆಯುವುದು ವರ್ಷ ವರ್ಷವೂ ತನಗಿಂತ ಬಲಶಾಲಿಗಳೊಡನೆ ಆಡಿದಾಗ. ಆ ಅವಕಾಶಕ್ಕೇ ಇಲ್ಲಿ ಬೀಗ ಜಡಿಯಲಾಗಿದೆ.

ಜಾರ್ಜಿಯಾದ ಕಥೆಯನ್ನೇ ನೋಡಿ. ಯುರೋಪಿನ ಎರಡನೇ ದರ್ಜೆಯ ಚಾಂಪಿಯನ್‌ಶಿಪ್ಪನ್ನು ಅದು 2018ರಿಂದ 2025ರವರೆಗೆ ಸತತ ಎಂಟು ಬಾರಿ ಗೆದ್ದಿತು. 2022ರಲ್ಲಿ ತನ್ನ ನೆಲದಲ್ಲಿ ಇಟಲಿಯನ್ನೂ, ಕಾರ್ಡಿಫ್‌ನಲ್ಲಿ ವೇಲ್ಸನ್ನೂ ಸೋಲಿಸಿತು. ಇಷ್ಟಾದರೂ ಮೇಲಿನ ದರ್ಜೆಯಾದ ಸಿಕ್ಸ್ ನೇಷನ್ಸ್‌ಗೆ ಅದಕ್ಕೆ ಪ್ರವೇಶವಿಲ್ಲ. ಏಕೆಂದರೆ ಅಲ್ಲಿ ಗೆದ್ದವರು ಮೇಲೇರುವ, ಸೋತವರು ಕೆಳಗಿಳಿಯುವ ಪದ್ಧತಿಯೇ ಇಲ್ಲ. ಇಟಲಿ 2015ರಿಂದ 2022ರವರೆಗೆ ಅದೇ ಪಂದ್ಯಾವಳಿಯಲ್ಲಿ ಸತತ 36 ಪಂದ್ಯಗಳನ್ನು ಸೋತರೂ ಅದರ ಕುರ್ಚಿ ಅಲುಗಾಡಲಿಲ್ಲ. ಇಟಲಿಯ ಮೇಲೆ ನಮಗೆ ಹಗೆಯಿಲ್ಲ. ಸೋಲುತ್ತಲೇ ಕಲಿಯುವ ಅವಕಾಶ ಇಟಲಿಗೆ ಸಿಕ್ಕಿತಲ್ಲ, ಅದು ಜಾರ್ಜಿಯಾಕ್ಕೆ ಏಕಿಲ್ಲ ಎಂಬುದಷ್ಟೇ ನಮ್ಮ ಪ್ರಶ್ನೆ.

ಈಗ ಈ ಪಂಕ್ತಿಭೇದಕ್ಕೆ ಹೊಸ ಮುದ್ರೆಯೂ ಬಿದ್ದಿದೆ. 2026ರಿಂದ ನೇಷನ್ಸ್ ಚಾಂಪಿಯನ್‌ಶಿಪ್ ಎಂಬ ಪಂದ್ಯಾವಳಿ. ಯುರೋಪಿನ ಆ ಆರು, ದಕ್ಷಿಣ ಗೋಳಾರ್ಧದ ನಾಲ್ಕು, ಜೊತೆಗೆ ಜಪಾನ್ ಮತ್ತು ಫಿಜಿ, ಒಟ್ಟು ಹನ್ನೆರಡು ತಂಡಗಳು. ಉಳಿದವರಿಗೆ ಎರಡನೇ ದರ್ಜೆ. 2030ಕ್ಕಿಂತ ಮೊದಲು ಒಬ್ಬರೂ ಮೇಲೇರುವಂತಿಲ್ಲ ಎಂದು 2023ರಲ್ಲೇ ತೀರ್ಮಾನವಾಯಿತು. ಒಳಗೆ ಕರೆಸಿಕೊಂಡ ಫಿಜಿಗಾದರೂ ಸಮಾನ ಗೌರವ ಸಿಕ್ಕಿತೇ? 2026ರ ಜುಲೈ ತಿಂಗಳ ಅದರ ‘ತವರಿನ’ ಪಂದ್ಯಗಳು ನಿಗದಿಯಾದದ್ದು ಕಾರ್ಡಿಫ್, ಲಿವರ್‌ಪೂಲ್ ಮತ್ತು ಎಡಿನ್‌ಬರೋದಲ್ಲಿ! ಸ್ವಂತ ಮನೆಯ ಮದುವೆಯನ್ನು ಬೀಗರ ಊರಿನಲ್ಲಿ ನಡೆಸಬೇಕಾದವನ ಪಾಡು ಇದು.

ಸಣ್ಣ ತಂಡಗಳನ್ನು ತಂದರೆ ಪಂದ್ಯಗಳು ಏಕಪಕ್ಷೀಯವಾಗುತ್ತವೆ ಎಂಬುದು ಅವರ ವಾದ. ಇದನ್ನು ತಳ್ಳಿಹಾಕುವಂತಿಲ್ಲ. 1995ರ ವಿಶ್ವಕಪ್‌ನಲ್ಲಿ ನ್ಯೂಝಿಲ್ಯಾಂಡ್ ಎದುರು ಜಪಾನ್ 145-17ರಿಂದ ಸೋತಿತ್ತು. ಆದರೆ ಸರಿಯಾಗಿ ಇಪ್ಪತ್ತು ವರ್ಷಗಳ ಬಳಿಕ ಅದೇ ಜಪಾನ್ ದಕ್ಷಿಣ ಆಫ್ರಿಕಾವನ್ನು 34-32ರಿಂದ ಮಣಿಸಿತು. 2019ರಲ್ಲಿ ತಾನೇ ವಿಶ್ವಕಪ್ ನಡೆಸಿ ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳನ್ನು ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿತು. ಫಿಜಿಯ ಡ್ರುವಾ ತಂಡಕ್ಕೆ 2022ರಲ್ಲಿ ಸೂಪರ್ ರಗ್ಬಿ ಲೀಗ್‌ನಲ್ಲಿ ಸ್ಥಾನ ಸಿಕ್ಕಿತು. ಮರುವರ್ಷವೇ ಫಿಜಿ ಮೊದಲು ಇಂಗ್ಲೆಂಡನ್ನು ಅವರದೇ ಟ್ವಿಕನ್‌ಹ್ಯಾಮ್‌ನಲ್ಲಿ, ಬಳಿಕ ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿತು. ಅದೇ ಫಿಜಿಯನ್ನು ಅದೇ ವಿಶ್ವಕಪ್‌ನಲ್ಲಿ ಪೋರ್ಚುಗಲ್ 24-23ರಿಂದ ಮಣಿಸಿತು. ಈಜು ಕಲಿಯುವವರೆಗೆ ನೀರಿಗೆ ಇಳಿಯಬೇಡ ಎನ್ನುವವರು ನಿಜವಾಗಿ ಈಜು ಕಲಿಸಲು ಇಷ್ಟವಿಲ್ಲದವರು.

ಪ್ರತಿಭೆಯ ಕೊರತೆಯಂತೂ ಇಲ್ಲ. ಇದ್ದ ಪ್ರತಿಭೆಯನ್ನು ದೊಡ್ಡವರು ಕೊಂಡೊಯ್ದ ಕಥೆಗೆ ಸಮೋವ ಸಾಕ್ಷಿ. ಮೈಕಲ್ ಜೋನ್ಸ್ 1986ರಲ್ಲಿ ಪಶ್ಚಿಮ ಸಮೋವದ ಪರ ಆಡಿದವರು. ಮರುವರ್ಷ ವಿಶ್ವಕಪ್ ಗೆದ್ದದ್ದು ನ್ಯೂಝಿಲ್ಯಾಂಡ್ ಜೆರ್ಸಿಯಲ್ಲಿ. ಸಮೋವಕ್ಕೆ ಆ ವಿಶ್ವಕಪ್‌ನ ಆಹ್ವಾನವೇ ಇರಲಿಲ್ಲ. ಮುಂದಿನ ವಿಶ್ವಕಪ್‌ನಲ್ಲಿ ಅದು ಕಾರ್ಡಿಫ್‌ನಲ್ಲೇ ವೇಲ್ಸನ್ನು ಸೋಲಿಸಿ ಉತ್ತರ ಕೊಟ್ಟಿತು. 1962ರವರೆಗೆ ಸಮೋವವನ್ನು ಆಳಿದ ನ್ಯೂಝಿಲ್ಯಾಂಡ್, ತನ್ನ ಆಲ್ ಬ್ಲ್ಯಾಕ್ಸ್ ತಂಡವನ್ನು ಟೆಸ್ಟ್ ಆಡಲು ಅಲ್ಲಿಗೆ ಮೊದಲ ಬಾರಿ ಕಳುಹಿಸಿದ್ದು 2015ರಲ್ಲಿ! ದೊಡ್ಡ ದೇಶಗಳ ಅಂಗಳದಲ್ಲಿ ಆಡಿದಾಗ ಟಿಕೆಟಿನ ಹಣ ಆತಿಥೇಯರ ಜೇಬಿಗೆ ಸೇರುವುದು ವಾಡಿಕೆ. ದೊಡ್ಡವರು ಸಣ್ಣವರ ಅಂಗಳಕ್ಕೆ ಹೋಗುವುದೇ ಅಪರೂಪ. ಹೀಗಿರುವಾಗ ಬಡ ಸಂಸ್ಥೆಗಳು ಬೆಳೆಯುವುದಾದರೂ ಹೇಗೆ?

ಇದನ್ನು ಬದಲಿಸಬೇಕಾದ ವಿಶ್ವ ರಗ್ಬಿ ಮಂಡಳಿಯಲ್ಲೇ ತಕ್ಕಡಿ ವಾಲಿದೆ. 2020ರಲ್ಲಿ ಅಧ್ಯಕ್ಷರ ಆಯ್ಕೆಗೆ ಇದ್ದ 51 ಮತಗಳಲ್ಲಿ 30 ಮತಗಳು ಹತ್ತು ಪ್ರಬಲ ದೇಶಗಳ ಕೈಯಲ್ಲಿದ್ದವು, ತಲಾ ಮೂರರಂತೆ. ಜಾರ್ಜಿಯಾ, ಫಿಜಿಗಳಿಗೆ ಒಂದೊಂದು. ಸುಧಾರಣೆಯ ಮಾತನಾಡಿದ ಅರ್ಜೆಂಟೀನದ ಅಗಸ್ಟಿನ್ ಪಿಚೋ 28-23ರಿಂದ ಸೋತರು. ಬಾಗಿಲ ಹೊರಗೆ ಕಾಯುವುದೆಂದರೇನು ಎಂದು ಅವರಿಗೆ ಗೊತ್ತಿತ್ತು. ಅವರ ನಾಯಕತ್ವದಲ್ಲಿ ಅರ್ಜೆಂಟೀನ 2007ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದರೂ ದಕ್ಷಿಣದ ಬಲಿಷ್ಠರ ವಾರ್ಷಿಕ ಪಂದ್ಯಾವಳಿಗೆ ಸೇರಲು 2012ರವರೆಗೆ ಕಾಯಬೇಕಾಯಿತು. ಒಳಗೆ ಬಂದ ಮೇಲೆ ಅದು ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ನ್ಯೂಝಿಲ್ಯಾಂಡ್ ಮೂವರನ್ನೂ ಸೋಲಿಸಿತು.

ಇಷ್ಟೆಲ್ಲ ಹೇಳುವ ನಾವು ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. 2003ರ ಕ್ರಿಕೆಟ್ ವಿಶ್ವಕಪ್‌ನಲ್ಲಿ ಕೀನ್ಯಾ ಸೆಮಿಫೈನಲ್‌ಗೆ ಬಂದಿತ್ತು. ಅಂತಹ ದೇಶಗಳಿಗೆ ಇನ್ನಷ್ಟು ಬಾಗಿಲು ತೆರೆಯುವ ಬದಲು 2019 ಮತ್ತು 2023ರಲ್ಲಿ ವಿಶ್ವಕಪ್ಪನ್ನು ಹತ್ತೇ ತಂಡಗಳಿಗೆ ಇಳಿಸಲಾಯಿತು. ಕ್ರಿಕೆಟ್‌ನ ಹಣ, ಅಧಿಕಾರ ಹೆಚ್ಚಾಗಿ ಭಾರತದ ಕೈಯಲ್ಲಿದ್ದ ಕಾಲ ಅದು. ಅತ್ತೆಯ ಕಾಟ ಉಂಡ ಸೊಸೆ ತಾನು ಅತ್ತೆಯಾದಾಗ ಅದನ್ನೇ ಮಾಡಿದಂತೆ. ಆದ್ದರಿಂದ ಇದು ಬಿಳಿಯರು-ಕರಿಯರು ಎಂಬ ಪ್ರಶ್ನೆ ಮಾತ್ರವಲ್ಲ. ಜಾರ್ಜಿಯಾ, ಪೋರ್ಚುಗಲ್‌ಗಳೂ ಹೊರಗಿವೆ. ಇದು ಉಳ್ಳವರು ಬಾಗಿಲು ಹಾಕಿಕೊಳ್ಳುವ ಪ್ರಶ್ನೆ.

ಪರಿಹಾರ ಕಷ್ಟದ್ದೇನಲ್ಲ. ಸಿಕ್ಸ್ ನೇಷನ್ಸ್‌ನಲ್ಲಿ ಕೊನೆಯ ಸ್ಥಾನ ಪಡೆದವರು ಎರಡನೇ ದರ್ಜೆಯ ವಿಜೇತರೊಡನೆ ವರ್ಷಕ್ಕೊಂದು ಪಂದ್ಯ ಆಡಲಿ, ಗೆದ್ದವರು ಮೇಲಿರಲಿ. ಟಿಕೆಟಿನ ಹಣದಲ್ಲಿ ಅತಿಥಿಗೂ ಪಾಲಿರಲಿ. ಬಲಿಷ್ಠ ತಂಡಗಳು ಆಪಿಯಾ, ತಿಬಿಲಿಸಿಗಳಿಗೂ ಹೋಗಿ ಆಡಲಿ. ಮಂಡಳಿಯಲ್ಲಿ ದೇಶಕ್ಕೊಂದು ಮತವಿರಲಿ. ಇದರಲ್ಲಿ ದಾನವೇನೂ ಇಲ್ಲ, ಆಟದ ಮೂಲ ನಿಯಮವಷ್ಟೇ ಇದೆ. ಯಾರು ಮೇಲು ಎಂಬುದು ಅಂಗಳದಲ್ಲಿ ತೀರ್ಮಾನವಾಗಬೇಕು, ಹುಟ್ಟಿನಿಂದ ಅಲ್ಲ. ಆ ನಿಯಮವನ್ನು ಒಪ್ಪದವರು ತಮ್ಮ ಪಂದ್ಯಾವಳಿಗೆ ಬೇರೆ ಏನು ಹೆಸರನ್ನಾದರೂ ಇಟ್ಟುಕೊಳ್ಳಲಿ. ಅದನ್ನು ರಾಷ್ಟ್ರಗಳ ಚಾಂಪಿಯನ್‌ಶಿಪ್ ಎಂದು ಕರೆಯುವುದು ಬೇಡ.