ಎದೆಯುರಿ: ಏನನ್ನು ಉಂಡೆವು ಎಂಬುದಕ್ಕಿಂತ ಯಾವಾಗ ಉಂಡೆವು ಎಂಬುದೇ ಮುಖ್ಯ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ವೈದ್ಯವೃತ್ತಿ ನಡೆಸಿಕೊಂಡು ಬಂದಿರುವ ನಮಗೆ ಎದೆಯುರಿ, ಹುಳಿತೇಗುಗಳ ದೂರು ಕೇಳದ ದಿನವೇ ಇಲ್ಲ. ಬರುವವರೆಲ್ಲರ ಮೊದಲ ಪ್ರಶ್ನೆ ಒಂದೇ: 'ಏನು ತಿನ್ನಬಾರದು?' ಕೆಲವರು ಖಾರವನ್ನೂ ಮುದ್ದೆಯನ್ನೂ ತಾವಾಗಿಯೇ ತ್ಯಜಿಸಿ, ಬನ್ನು-ಚಹಾಗಳಲ್ಲಿ ದಿನ ದೂಡುತ್ತಿರುತ್ತಾರೆ. ಆದರೂ ಉರಿ ಶಮನವಾಗಿರುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯದು: 'ಯಾವಾಗ ಉಣ್ಣುತ್ತೇವೆ, ಉಂಡ ಮೇಲೆ ಏನು ಮಾಡುತ್ತೇವೆ?'

ಆಯುರ್ವೇದವು ಈ ವ್ಯಾಧಿಯನ್ನು ಅಮ್ಲಪಿತ್ತವೆಂದು ಕರೆಯುತ್ತದೆ. ಎದೆ-ಗಂಟಲುಗಳ ದಾಹ, ಹುಳಿತೇಗು, ಅರುಚಿಗಳನ್ನು ಅದರ ಲಕ್ಷಣಗಳೆಂದು ಹೇಳುವ ಮಾಧವ ನಿದಾನವು, ಮೇಲ್ಮುಖವಾದುದನ್ನು ಊರ್ಧ್ವಗವೆಂದೂ ಕೆಳಮುಖವಾದುದನ್ನು ಅಧೋಗವೆಂದೂ ವಿಂಗಡಿಸಿದೆ. ಆಧುನಿಕ ವೈದ್ಯರು ಹೇಳುವುದೂ ಇದಕ್ಕೆ ದೂರವಲ್ಲ. ಅನ್ನನಾಳವು ಜಠರವನ್ನು ಸೇರುವಲ್ಲಿ ಬಾಗಿಲಿನಂತಹ ಒಂದು ಸ್ನಾಯುವಿದೆ. ಅದು ಸಡಿಲವಾದಾಗ ಅಥವಾ ತುಂಬಿದ ಹೊಟ್ಟೆಯ ಮೇಲೆ ಒತ್ತಡ ಬಿದ್ದಾಗ ಜಠರದ ಆಮ್ಲವು ಮೇಲೇರಿ ಅನ್ನನಾಳವನ್ನು ಸುಡುತ್ತದೆ. ಬೊಜ್ಜು, ತಂಬಾಕು, ಮದ್ಯ, ಅತಿಯಾದ ಕರಿದ ತಿಂಡಿಗಳು ಈ ಬಾಗಿಲಿನ ವೈರಿಗಳು.

ಇನ್ನು ನಮ್ಮ ಸೀಮೆಯ ಜೀವನಕ್ರಮವನ್ನು ನೋಡೋಣ. ಮೊಳಕಾಲ್ಮೂರಿನ ರೇಷ್ಮೆ ನೇಕಾರರು ಉಂಡ ಕೈ ತೊಳೆದೊಡನೆ ಗುಣಿಮಗ್ಗಕ್ಕೆ ಇಳಿಯುತ್ತಾರೆ. ಮುಂದಕ್ಕೆ ಬಾಗಿ ಕುಳಿತ ಭಂಗಿಯಲ್ಲಿ ತುಂಬಿದ ಜಠರ ಮಡಿಚಿಕೊಳ್ಳುತ್ತದೆ. ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿ, ಅಂಗಡಿಗಳಲ್ಲಿ ದುಡಿಯುವವರು ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಎರಡು ಲೋಟ ಚಹಾ ಸೇವಿಸಿ, ರಾತ್ರಿ ಹತ್ತಕ್ಕೆ ಹೊಟ್ಟೆತುಂಬ ಉಂಡು, ಹತ್ತೂವರೆಗೆ ಮಲಗುತ್ತಾರೆ. ಪಂಪ್‌ಸೆಟ್ಟಿನ ವಿದ್ಯುತ್ತಿಗಾಗಿ ಕಾಯುವ ರೈತನ ಊಟಕ್ಕಂತೂ ಹೊತ್ತೇ ಇಲ್ಲ. ಹಿಂದಿನ ಆಹಾರ ಜೀರ್ಣವಾಗುವ ಮೊದಲೇ ಮತ್ತೆ ಉಣ್ಣುವುದನ್ನು ನಮ್ಮ ಶಾಸ್ತ್ರವು ಅಧ್ಯಶನವೆಂದು ನಿಂದಿಸಿದೆ.

ಆದುದರಿಂದ ಎರಡು ವಾರಗಳ ಕಾಲ ಈ ಕ್ರಮವನ್ನು ಆಚರಿಸಿ ನೋಡಬೇಕೆಂಬುದು ನಮ್ಮ ವಿನಂತಿ. ರಾತ್ರಿಯ ಊಟಕ್ಕೂ ನಿದ್ರೆಗೂ ನಡುವೆ ಮೂರು ಗಂಟೆಗಳ ಅಂತರವಿರಲಿ. ಹೊಟ್ಟೆಯ ಎರಡು ಭಾಗ ಅನ್ನಕ್ಕೆ, ಒಂದು ಭಾಗ ನೀರಿಗೆ, ಉಳಿದೊಂದು ಭಾಗ ವಾಯುವಿನ ಸಂಚಾರಕ್ಕೆ ಎಂಬ ಅಷ್ಟಾಂಗಹೃದಯದ ಮಾತು ನೆನಪಿರಲಿ. ನೇಕಾರರು ಉಂಡ ಬಳಿಕ ಅರ್ಧ ಗಂಟೆಯಾದರೂ ನಿಂತು ಮಾಡುವ ಕೆಲಸದಲ್ಲಿ ತೊಡಗಿ, ಅನಂತರ ಮಗ್ಗಕ್ಕೆ ಕೂರಲಿ. ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಅರ್ಧ ಅಡಿ ಎತ್ತರಿಸಬೇಕು. ನೆಲದ ಮೇಲೆ ಮಲಗುವವರು ಮನೆಯಲ್ಲಿರುವ ಕಂಬಳಿಗಳನ್ನು ಸೊಂಟದಿಂದ ತಲೆಯವರೆಗೆ ಇಳಿಜಾರಾಗುವಂತೆ ಮಡಿಚಿ ಹಾಸಿಕೊಳ್ಳಬಹುದು. ಬರಿಯ ದಿಂಬುಗಳನ್ನು ಪೇರಿಸಿದರೆ ಕುತ್ತಿಗೆ ಬಾಗುತ್ತದೆಯೇ ಹೊರತು ಪ್ರಯೋಜನವಾಗದು. ಎಡ ಮಗ್ಗುಲಾಗಿ ಮಲಗುವುದು ಹಿತಕರ.

ಆಹಾರದ ವಿಷಯಕ್ಕೆ ಬಂದರೆ, ರಾಗಿಮುದ್ದೆಯನ್ನು ಅಪರಾಧಿಯೆಂದು ಬಗೆಯಬೇಕಾಗಿಲ್ಲ. ಅದರ ಗಾತ್ರವನ್ನೂ ಜೊತೆಯ ಸಾರನ್ನೂ ವಿಚಾರಿಸಬೇಕು. ಅಮ್ಲಪಿತ್ತದಲ್ಲಿ ಹುರುಳಿ, ಉದ್ದು, ಎಳ್ಳು, ಮೊಸರುಗಳನ್ನು ನಮ್ಮ ಗ್ರಂಥಗಳು ಅಪಥ್ಯವೆಂದಿವೆ. ಹುರುಳಿಕಟ್ಟಿನ ಖಾರದ ಸಾರು ನಮ್ಮವರಿಗೆ ಪ್ರಿಯವೆಂಬುದನ್ನು ಬಲ್ಲೆವು; ಉರಿ ಇರುವಷ್ಟು ದಿನ ಅದನ್ನು ಬದಿಗಿಟ್ಟು ಹೆಸರುಬೇಳೆಯ ತೊವ್ವೆಯನ್ನು ಬಳಸಲಿ. ಹಳೆಯ ಅಕ್ಕಿ, ಗೋಧಿ, ಬೂದುಗುಂಬಳ, ಹಾಗಲ, ದಾಳಿಂಬೆ, ಕಾಯಿಸಿ ಆರಿಸಿದ ನೀರು ಪಥ್ಯ. ಹುಳಿತ ಮಜ್ಜಿಗೆ ತಂಪೆಂಬ ಭ್ರಮೆ ಬೇಡ. ಅದು ಪಿತ್ತವನ್ನು ಕೆರಳಿಸುತ್ತದೆ.

ಮಾತ್ರೆಗಳ ಕುರಿತು ನಾವು ನಿಷ್ಠುರವಾಗಿ ಹೇಳಬೇಕಾದುದಿದೆ. ಆಮ್ಲವನ್ನು ತಗ್ಗಿಸುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳು ವೈದ್ಯರ ಸಲಹೆಯಂತೆ ಸೇವಿಸಿದರೆ ನಿಜಕ್ಕೂ ಉಪಕಾರಿಗಳು. ಆಯುರ್ವೇದದವರೆಂದು ನಾವು ಅವನ್ನು ಹಳಿಯುವುದಿಲ್ಲ. ವರ್ಷಗಟ್ಟಲೆ ತಾವೇ ಕೊಂಡು ನುಂಗುವುದು ಹೇಗೆ ತಪ್ಪೋ, ದೀರ್ಘಕಾಲ ಸೇವಿಸಿದವರು ಒಮ್ಮೆಲೇ ನಿಲ್ಲಿಸುವುದೂ ಹಾಗೆಯೇ ತಪ್ಪು. ಆಮ್ಲ ಇಮ್ಮಡಿಯಾಗಿ ಕೆರಳಬಹುದು. ಬೆನ್ನುನೋವಿಗೆಂದು ನೇಕಾರರು ಅಂಗಡಿಯಲ್ಲಿ ಕೊಳ್ಳುವ ನೋವಿನ ಮಾತ್ರೆಗಳು ಜಠರದಲ್ಲಿ ಹುಣ್ಣು ಮಾಡಬಲ್ಲವು. ನಮ್ಮ ಔಷಧಗಳೂ ಇದಕ್ಕೆ ಹೊರತಲ್ಲ. ಅವಿಪತ್ತಿಕರ ಚೂರ್ಣದಲ್ಲಿ ಭೇದಿ ಮಾಡಿಸುವ ತ್ರಿವೃತ್ ಇದೆ. ಯಷ್ಟಿಮಧುವಿನ ದೀರ್ಘ ಸೇವನೆ ರಕ್ತದೊತ್ತಡವನ್ನು ಏರಿಸಬಲ್ಲದು. 'ನೈಸರ್ಗಿಕ' ಎಂದ ಮಾತ್ರಕ್ಕೆ ನಿರಪಾಯಕಾರಿ ಎಂದರ್ಥವಲ್ಲ.

ಇದನ್ನು ನಾವು ಕಲಿತದ್ದು ನಮ್ಮದೇ ತಪ್ಪಿನಿಂದ. ಬಹಳ ವರ್ಷಗಳ ಹಿಂದೆ, ಎಲೆಯಡಿಕೆ-ತಂಬಾಕಿನ ಅಭ್ಯಾಸವಿದ್ದ ನೇಕಾರರೊಬ್ಬರು ಎದೆಯುರಿಯೆಂದು ಬಂದರು. ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲವೆಂದೂ ಹೇಳಿದರು. ನಾವು ಉರಿಯ ಮಾತನ್ನಷ್ಟೇ ಕೇಳಿ ಎರಡು ತಿಂಗಳು ಚೂರ್ಣ ಕೊಟ್ಟೆವು. ಕಡೆಗೆ ಎಂಡೋಸ್ಕೋಪಿ ಮಾಡಿಸಿದಾಗ ಅದು ಅನ್ನನಾಳದ ಕ್ಯಾನ್ಸರ್ ಎಂದು ತಿಳಿಯಿತು. ಆ ಎರಡು ತಿಂಗಳನ್ನು ಹಿಂದಕ್ಕೆ ಕೊಡುವ ಶಕ್ತಿ ಯಾವ ಪಶ್ಚಾತ್ತಾಪಕ್ಕೂ ಇಲ್ಲ.

ಆದ್ದರಿಂದ ಭಕ್ತಬಂಧುಗಳು ಇದನ್ನು ಮರೆಯಬಾರದು. ನುಂಗಲು ಕಷ್ಟ, ಕಾರಣವಿಲ್ಲದೆ ತೂಕದ ಇಳಿಕೆ, ರಕ್ತವಾಂತಿ, ಡಾಂಬರಿನಂತಹ ಕಪ್ಪು ಮಲ, ರಕ್ತಹೀನತೆ: ಇವುಗಳಲ್ಲಿ ಒಂದಿದ್ದರೂ ಮನೆಮದ್ದನ್ನು ಬದಿಗಿಟ್ಟು ತಜ್ಞರಲ್ಲಿ ಪರೀಕ್ಷೆ ಮಾಡಿಸಬೇಕು. ಎದೆ ಹಿಂಡಿದಂತಾಗಿ, ಬೆವರಿ, ನೋವು ತೋಳಿಗೋ ದವಡೆಗೋ ಹರಡಿದರೆ 'ಗ್ಯಾಸ್' ಎಂದು ಸೋಡಾ ಕುಡಿಯುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆ ಸೇರಬೇಕು. ಅದು ಹೃದಯದ ಕರೆಯಾಗಿರಬಹುದು. ಎರಡು ವಾರಗಳ ಪಥ್ಯದಿಂದ ತಗ್ಗದ ಉರಿಯನ್ನೂ ವೈದ್ಯರಿಗೆ ತೋರಿಸಲೇಬೇಕು.

ಉಳಿದ ಸಾಮಾನ್ಯ ಎದೆಯುರಿಗೆ ಮದ್ದು ನಮ್ಮ ಕೈಯಲ್ಲೇ ಇದೆ. ಅನ್ನವನ್ನು ಪ್ರಸಾದವೆಂದು ಸ್ವೀಕರಿಸುವ ನಾವು ಅದನ್ನು ಹೊತ್ತರಿತು, ಹದವರಿತು ಸ್ವೀಕರಿಸಿದರೆ ಬಹುಪಾಲು ಉರಿ ತಾನಾಗಿಯೇ ಆರುತ್ತದೆ. ಇಂದಿನ ರಾತ್ರಿಯ ಊಟವನ್ನು ಒಂದು ಗಂಟೆ ಮುಂಚಿತವಾಗಿ ಮಾಡುವುದರಿಂದಲೇ ಆರಂಭಿಸೋಣ. ಶರಣು.